ದೀಪ ಊದಿಸಿದ ದೊಡ್ಡಪ್ಪ

ಇವತ್ತು ಕೊಳ್ಳೇಗಾಲದ ಆಸ್ಪತ್ರೆಯಲ್ಲಿ ನನ್ನ ಮೊಮ್ಮಗಳು ಕೊಳವೆಗೆ ಬಾಯಿಟ್ಟು ಊದಿದಳು. ಡಾಕ್ಟರು ಅಳತೆ ನೋಡಿ, ಉಬ್ಬಸ ಹೆಚ್ಚಾಗಿದೆಯೆಂದು ಔಷಧಿ ಬದಲಿಸಿದರು. ನನಗೆ ಸಮಾಧಾನದ ಬದಲು ದೊಡ್ಡಪ್ಪನ ನೆನಪಾಗಿ ಸಿಟ್ಟು ಬಂತು.

ನಮ್ಮದು ರೇಷ್ಮೆ ನೇಯುವ ಮನೆ. ನಾನು ಚಿಕ್ಕವನಿದ್ದಾಗ ತಂಗಿ ಗೌರಿ ನೂಲು ಸುತ್ತಲು ಕೂತರೆ ಅವಳ ಎದೆ ಸುಯ್ಯೆಂದು ಕೂಗುತ್ತಿತ್ತು. ದೊಡ್ಡಪ್ಪ ಅದನ್ನು ಸೋಮಾರಿತನ ಎನ್ನುತ್ತಿದ್ದರು. ಒಂದು ಬೆಳಿಗ್ಗೆ ಅವಳ ಮುಂದೆ ದೀಪ ಹಚ್ಚಿಟ್ಟರು.

"ಊದು. ಆರೋದ್ರೆ ನಿಂಗೇನೂ ಆಗಿಲ್ಲ ಅಂತ."

ಹೆದರಿದ ಹುಡುಗಿ ಇದ್ದಬದ್ದ ಉಸಿರನ್ನೆಲ್ಲ ಕೂಡಿಸಿ ಊದಿದಳು. ದೀಪ ಆರಿತು.

"ನೋಡು, ಉಸ್ರು ಐತೆ. ಕೂತ್ಕಂಡು ಸುತ್ತು."

ಮಧ್ಯಾಹ್ನದೊಳಗೆ ಗೌರಿಯ ತುಟಿ ನೀಲಿಗಟ್ಟಿತು, ನೂಲಿನ ಮೇಲೆಯೇ ಕುಸಿದಳು. ದೊಡ್ಡಪ್ಪನ ಎದುರು ಎಂದೂ ಬಾಯಿ ಬಿಡದ ಅಮ್ಮ ಅವಳನ್ನು ಎತ್ತಿಕೊಂಡಳು.

"ಬಾವ, ನನ್ ಮಗ್ಳ ನಾನು ಕರ್ಕಂಡು ಓಯ್ತೀನಿ. ಇನ್ಮೇಲೆ ಇವ್ಳು ಇಲ್ಲಿ ಕೂರಕಿಲ್ಲ."

ಆಸ್ಪತ್ರೆಯಲ್ಲಿ ಸೂಜಿ ಹಾಕಿಸಿ, ಸತ್ತೇಗಾಲದ ತವರಿನಲ್ಲಿ ಬಿಟ್ಟು ಬಂದಳು. ಗೌರಿ ಬದುಕಿದಳು, ಆದರೆ ಅಲ್ಲಿಯೇ ಬೆಳೆದಳು. ದೊಡ್ಡಪ್ಪ ಮಾತ್ರ ಸಾಯುವವರೆಗೂ ದೀಪದ ಕಥೆಯನ್ನು ನಗುತ್ತ ಹೇಳುತ್ತಿದ್ದರು.

ಇದನ್ನೆಲ್ಲ ಕೇಳಿದ ಮಗ, "ಆ ಕಾಲದವರಿಗೆ ಏನು ಗೊತ್ತಿತ್ತು ಬಿಡಪ್ಪ" ಎಂದ.

ಅಮ್ಮನೂ ಆ ಕಾಲದವಳೇ.