ಬೀಳದ ಕನಸು ಮತ್ತು ಇಂಗ್ಲಿಷರ ಹಾಡು

ಮೂಲೆಮನೆ ಮಾಮನ ಮುಖಕ್ಕಿಂತ ಅವರ ಗಲ್ಲದ ಅಡಿಭಾಗವೇ ನನಗೆ ಹೆಚ್ಚು ಪರಿಚಿತ. ಹಾಡು ಕೇಳುವಾಗ ಅವರು ಕತ್ತನ್ನು ಹಿಂದಕ್ಕೆ ವಾಲಿಸಿ ಬೇಸ್‌ಮೆಂಟಿನ ಸೂರನ್ನೇ ನೋಡುತ್ತಿದ್ದರು. ರೇಜರಿನಿಂದ ತಪ್ಪಿಸಿಕೊಂಡ ನಾಲ್ಕಾರು ಬಿಳಿಕೂದಲು ಆಗ ಅಲ್ಲಿ ಪರಮ ಗಾಂಭೀರ್ಯದಿಂದ ನಿಂತಿರುತ್ತಿದ್ದವು. ಪೈಪೇನಾದರೂ ಸೋರುತ್ತಿದೆಯೇ ಎಂದು ಮೊದಲ ಸಲ ನಾನೂ ಮೇಲೆ ನೋಡಿದ್ದೆ.

ಸೋರುತ್ತಿರಲಿಲ್ಲ. ಮೇಲಿದ್ದದ್ದು ಅಡುಗೆಮನೆ. ಸದ್ದು ಮಿತಿಮೀರಿದಾಗ ಅವರ ಹೆಂಡತಿ ಅಲ್ಲಿಂದ ಹಿಮ್ಮಡಿಯಲ್ಲಿ ನೆಲ ಕುಟ್ಟುತ್ತಿದ್ದರು, ಮಾಮ ವಾಲ್ಯೂಮ್ ಇಳಿಸುತ್ತಿದ್ದರು. ಆ ಸಂಸಾರದ ಅರ್ಧ ಮಾತುಕತೆ ಹೀಗೇ ನಡೆದಿತ್ತು. ಆಕೆ ತೀರಿಕೊಂಡ ಮೇಲೂ ಮಾಮನ ಕತ್ತಿಗೆ ಅಭ್ಯಾಸ ತಪ್ಪಿರಲಿಲ್ಲ.

ಈ ಹಿಮದ ದೇಶದಲ್ಲಿ, ಎರಿನ್ ಮಿಲ್ಸ್ ಬಡಾವಣೆಯ ನಮ್ಮ ಟೌನ್‌ಹೌಸ್ ಸಾಲಿನಲ್ಲಿ ಅವರದು ಮೂಲೆಯ ಮನೆ, ಪಕ್ಕದ್ದು ನನ್ನದು. ಮಾಮ ಉಡುಪಿ ಕಡೆಯವರು, ಹತ್ತಿರದ ಬೋಲ್ಟನ್ ಊರಿನ ವೇರ್‌ಹೌಸೊಂದರಲ್ಲಿ ದುಡಿದು ನಿವೃತ್ತರಾದವರು. ಅಲ್ಲಿನ ರೇಡಿಯೋ ಶಿಫ್ಟಿನುದ್ದಕ್ಕೂ ಹಳೆಯ ಬ್ರಿಟಿಷ್ ಪಾಪ್ ಹಾಡುಗಳನ್ನೇ ಹಾಕುತ್ತಿತ್ತಂತೆ. ಪೆಟ್ಟಿಗೆ ಎತ್ತಿಡುತ್ತಲೇ ಮಾಮ ಒಂದು ಸಂಗತಿ ಪತ್ತೆಹಚ್ಚಿದ್ದರು: ಒಂದು ಹಾಡು ಬಿಟ್ಟು ಒಂದು ಹಾಡಿನಲ್ಲಿ ಯಾರಾದರೊಬ್ಬರು ಕನಸು ಕಾಣುತ್ತಿರುತ್ತಾರೆ. "ಆ ಇಂಗ್ಲಿಷರ ದೇಶದಲ್ಲಿ ಬಿಸಿಲಿಲ್ಲವಲ್ಲ ಮಾರಾಯ್ರೆ, ಮಲಗುವುದು ಬಿಟ್ಟರೆ ಎಂತ ಕೆಲಸ ಉಂಟು?" ಎಂಬುದು ಅವರ ಪ್ರಥಮ ಸಿದ್ಧಾಂತ.

ಒಂದು ಮಧ್ಯಾಹ್ನ, ಹಾಡಿನ ನಡುವೆ, ಸೂರನ್ನೇ ನೋಡುತ್ತ ಬೇರೆ ದನಿಯಲ್ಲಿ ಹೇಳಿದರು: "ಅವಳು ಹೋದ ಮೇಲೆ ಒಂದು ಸಲವೂ ಅವಳ ಕನಸು ಬೀಳಲಿಲ್ಲ. ಮಗನಿಗೆ ಬಿತ್ತಂತೆ. ನನಗೆ ಮಾತ್ರ ಇಲ್ಲ."

ಕನಸಿನ ಬಗ್ಗೆ ಇಷ್ಟೊಂದು ಹಾಡಿದ ಜನರಲ್ಲಿ ಒಬ್ಬನಾದರೂ ಅದನ್ನು ಕರೆಸಿಕೊಳ್ಳುವ ಉಪಾಯ ಹೇಳಿರಲೇಬೇಕು ಎಂದು ಅವರ ನಂಬಿಕೆ. ಹೀಗೆ ಸಂಶೋಧನೆ ಆರಂಭವಾಯಿತು. ಅದರ ವಿದ್ವತ್ಸಮಿತಿಗೆ ಅಧ್ಯಕ್ಷನೂ ಸದಸ್ಯನೂ ನಾನೇ.

ಆಕರ ಸಾಮಗ್ರಿಗಾಗಿ ಜಾರ್ಜ್‌ಟೌನಿನ ಹಳೆಯ ರೆಕಾರ್ಡುಗಳ ಅಂಗಡಿಗೆ ಹೋದೆವು. ಕೌಂಟರಿನ ಹುಡುಗಿಯ ಬಳಿ ಮಾಮ ತಮ್ಮ ಇಂಗ್ಲಿಷಿನಲ್ಲಿ ಕೇಳಿದರು: "ಬ್ರಿಟಿಷ್ ಸಾಂಗ್ಸ್. ಡ್ರೀಮ್ ಈಸ್ ಫಾಲಿಂಗ್, ದಟ್ ಟೈಪ್." ಆಕೆ ಮರುಕದಿಂದ ತಲೆಯಾಡಿಸಿ ಒಳಗಿನಿಂದ ಒಂದು ಕಟ್ಟು ತಂದಿಟ್ಟಳು. ಮನೆಗೆ ಬಂದು ಹಾಕಿದರೆ, ಅಷ್ಟೂ ಕನಸು ನುಚ್ಚುನೂರಾದವರ ಗೋಳು. ಮಾಮ ಶ್ರದ್ಧೆಯಿಂದ ಕೊನೆಯವರೆಗೆ ಕೇಳಿ ತೀರ್ಪಿತ್ತರು: "ಇವರಿಗೂ ಬೀಳುತ್ತದೆ. ಆದರೆ ಬಿದ್ದ ಕೂಡಲೇ ಒಡೆಯುತ್ತದೆ."

ಇಂಗ್ಲಿಷಿನಲ್ಲಿ ಕನಸು ಬೀಳುವುದಿಲ್ಲ, ಅದನ್ನು ಅವರು 'ಹ್ಯಾವ್' ಮಾಡುತ್ತಾರೆ ಎಂದು ನಾನು ವ್ಯಾಕರಣ ಬಿಡಿಸಿಟ್ಟೆ. ಕಾರು ಹ್ಯಾವ್ ಮಾಡಿದ ಹಾಗೆಯೋ ಎಂದು ಕೇಳಿದರು. ಹೆಚ್ಚುಕಡಿಮೆ ಹಾಗೆಯೇ ಎಂದೆ. ಮಾಮ ಪ್ಲೇಯರಿನ ಮುಳ್ಳನ್ನು ಎತ್ತಿಟ್ಟರು.

"ಹಾಗಾದರೆ ಇವರನ್ನು ಕೇಳಿ ಪ್ರಯೋಜನ ಇಲ್ಲ. ನಮ್ಮದು ಬೀಳುವಂಥದ್ದು. ಮೇಲಿನಿಂದಲೇ ಬರಬೇಕು."

ಆದರೂ ಹಾಡು ನಿಲ್ಲಲಿಲ್ಲ. ಕಣ್ಣು ಮುಚ್ಚಿದೊಡನೆ ಪ್ರಿಯತಮೆ ಹಾಜರಾಗುವ ಹಾಡುಗಳ ಮೇಲೆ ಮಾಮನಿಗೆ ವಿಶೇಷ ಅನುಮಾನ. ಬಂದವಳು ಒಂದು ತಕರಾರೂ ತೆಗೆಯುವುದಿಲ್ಲವಲ್ಲ, ಅದೆಂಥ ಹೆಂಗಸು ಎನ್ನುತ್ತಿದ್ದರು.

ಹಿಮ ಕರಗುವ ದಿನಗಳಲ್ಲಿ ಒಂದು ಬೆಳಿಗ್ಗೆ ನಾನು ಕಾರು ತೆಗೆಯುತ್ತಿದ್ದಾಗ ಮಾಮ ಬರೀ ಸ್ಲಿಪ್ಪರಿನಲ್ಲಿ ಡ್ರೈವ್‌ವೇಗೆ ಬಂದರು. "ಬಿತ್ತು," ಎಂದರು.

ಅತ್ತೆ ಏನು ಹೇಳಿದರು ಎಂದು ಕೇಳಿದೆ.

"ಮುಖ ಕಾಣಲಿಲ್ಲ. ನಾನು ಕೆಳಗಿದ್ದೆ. ಮೇಲಿನಿಂದ ಕುಟ್ಟಿದಳು."

"ನೀವೇನ್ ಮಾಡಿದ್ರಿ ಮಾಮ?"

"ಎಂತ ಮಾಡುವುದು? ಕಡಿಮೆ ಮಾಡಿದೆ."

ಅಷ್ಟು ಹೇಳಿ, ಕಾಲು ನೆನೆದದ್ದು ಆಗಷ್ಟೇ ತಿಳಿದವರಂತೆ ಸ್ಲಿಪ್ಪರು ನೋಡಿಕೊಂಡು ಒಳಗೆ ಹೋದರು.

ಕಳೆದ ಚಳಿಗಾಲದಲ್ಲಿ ಮಾಮ ಹೋದರು. ಅವರ ಮಗ ಪ್ಲೇಯರನ್ನೂ ರೆಕಾರ್ಡುಗಳನ್ನೂ ನನ್ನ ಬೇಸ್‌ಮೆಂಟಿಗೆ ತಂದಿಳಿಸಿದ. ಇಂಗ್ಲಿಷರ ಹಾಡೆಂದರೆ ಗಲಾಟೆ ಎಂದು ಮೈಸೂರಿನಲ್ಲೇ ತೀರ್ಮಾನಿಸಿ ಬಂದಿದ್ದ ನಾನು ಈಗ ಭಾನುವಾರಗಳನ್ನು ಅದಕ್ಕೇ ಮೀಸಲಿಟ್ಟಿದ್ದೇನೆ. ಮಾಮನ ಕನಸು ನನಗಿನ್ನೂ ಬಿದ್ದಿಲ್ಲ. ಆದರೆ ಹೋದವರು ಬರಬೇಕಾದರೆ ಅವರಿಗೊಂದು ತಕರಾರು ಇರಬೇಕೆಂದು ಅವರಿಂದಲೇ ಕಲಿತಿದ್ದೇನೆ. ವಾಲ್ಯೂಮನ್ನು ಮಾಮನಿಂದ ಸಹಿಸಲಾಗದಷ್ಟು ಕಡಿಮೆ ಇಟ್ಟು, ಕತ್ತೆತ್ತಿ ಕೂತಿರುತ್ತೇನೆ.