ಗುಂಪಿಗೆ ಹಾಕಿದ ಸೋಫಾ

ಅಪ್ರೈಸಲ್‌ನಲ್ಲಿ ‘ಎಕ್ಸಲೆಂಟ್’ ಬಂದ ವಾರವೇ ಮ್ಯಾನೇಜರ್ ನನ್ನನ್ನು ಕರೆದು, ಸ್ಥಳೀಯರಿಗೇ ಕೆಲಸ ಎಂಬ ಇಲ್ಲಿನ ನಿಯಮದಂತೆ ನನ್ನ ಹುದ್ದೆಯನ್ನು ಒಮಾನಿ ಒಬ್ಬರಿಗೆ ಕೊಡುವ ಯೋಚನೆಯಿದೆ ಎಂದರು. ಇನ್ನೂ ಏನೂ ತೀರ್ಮಾನವಾಗಿಲ್ಲ ಎಂದೂ ಸೇರಿಸಿದರು. ಆ ಎರಡನೆಯ ಮಾತು ನನ್ನ ತಲೆಗೆ ಹೋಗಲೇ ಇಲ್ಲ.

ಮಸ್ಕತ್ ಬಿಟ್ಟು ಹೊರಡುವವರು ಮನೆಸಾಮಾನನ್ನು ನಮ್ಮವರ ವಾಟ್ಸಾಪ್ ಗುಂಪಿನಲ್ಲಿ ಮಾರುವುದು ವಾಡಿಕೆ. ತಡಮಾಡಿದವರ ಸಾಮಾನನ್ನು ಪುಕ್ಕಟೆ ಕೊಟ್ಟರೂ ಯಾರೂ ಒಯ್ಯುವುದಿಲ್ಲ. ಹಾಗಾಗಿ, ಹೆಂಡತಿಗೆ ವಿಷಯ ಹೇಳಲು ಧೈರ್ಯವಿಲ್ಲದ ನಾನು ಸೋಫಾದ ಫೋಟೋ ಹಾಕಲು ಮಾತ್ರ ಧೈರ್ಯ ಮಾಡಿದೆ. ಅವಳು ಆ ಗುಂಪಿನಲ್ಲಿರಲಿಲ್ಲ. ಅದನ್ನೇ ಜಾಣತನ ಎಂದುಕೊಂಡಿದ್ದೆ.

ಶುಕ್ರವಾರ ದಾರ್ಸೈಟ್‌ನ ಕೃಷ್ಣನ ಗುಡಿಯಲ್ಲಿ ಮಂಗಳೂರು ಕಡೆಯ ಪರಿಚಯದ ಹೆಂಗಸೊಬ್ಬರು ಅವಳ ಕೈ ಹಿಡಿದು, “ಎಂತ ಅಕ್ಕ, ಊರಿಗೆ ಹೊರಟದ್ದಾ? ಸೋಫಾ ನಮಗೇ ಇರ್ಲಿ ಮಾರಾಯ್ರೆ,” ಎಂದರು.

ಅವಳು ಒಮ್ಮೆ ನನ್ನತ್ತ ನೋಡಿ, “ಅಯ್ಯೋ ಇಲ್ಲ ಕಣ್ರೀ, ಹೊಸದು ತಗೋತಿದೀವಿ,” ಎಂದು ನಕ್ಕಳು. ನಾನು ಪ್ರಸಾದದ ದೊನ್ನೆಯೊಳಗೆ ಮುಖ ಹುದುಗಿಸಿದೆ.

ಕಾರಿನಲ್ಲಿ ಎಲ್ಲವನ್ನೂ ಹೇಳಿದೆ. ಅವಳು ನನ್ನತ್ತ ತಿರುಗಿದಳು.

“ಕೆಲಸ ಹೋದ್ರೆ ಹೋಗ್ಲಿ, ಬಿಡ್ರಿ. ನಂಗೆ ಗೊತ್ತಿಲ್ದೆ ಇನ್ನೂ ಏನೇನ್ ಫೋಟೋ ತೆಗೆದಿಟ್ಟಿದೀರಿ?”

ಫ್ರಿಜ್ಜು, ವಾಷಿಂಗ್ ಮೆಷೀನು ಎಂದೆ. ಅವಳು ಮೈಸೂರಿನಿಂದ ಹೊತ್ತು ತಂದಿದ್ದ ಗ್ರೈಂಡರಿನ ಹೆಸರು ಹೇಳಲು ಮಾತ್ರ ಬಾಯಿ ಬರಲಿಲ್ಲ.