ಖಾಲಿ ಕಾಗದದ ಹೆಬ್ಬೆಟ್ಟು

ನಮ್ಮ ನರ್ಸಬಾಯಾರ ಅಂಗೈ ಯಾವಾಗಲೂ ಬೆಚ್ಚಗಿರುತ್ತಿತ್ತು. ಚಹಾದ ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದು, ಕಾವು ಏರಿದ ಮೇಲೆಯೇ ಕೂಸನ್ನು ಮುಟ್ಟುತ್ತಿದ್ದರು. ಚಹಾ ಮಾತ್ರ ಆರಿ ಕೆನೆಗಟ್ಟುತ್ತಿತ್ತು.

ತೊಂಬತ್ತರ ದಶಕ. ಅಥಣಿ ಸೀಮೆಯ ಆ ಸಣ್ಣ ಹೆರಿಗೆ ಆಸ್ಪತ್ರೆಯಲ್ಲಿ ನಾನು ರಕ್ತ ಪರೀಕ್ಷೆಯವನು. ದೂರದ ಶಹರದ ಸಂಶೋಧಕರು ವಂಶದಿಂದ ಬರುವ ರೋಗಗಳನ್ನು ಹುಡುಕುತ್ತಿದ್ದರು. ಕೂಸಿನ ಹಿಮ್ಮಡಿ ಚುಚ್ಚಿ, ಎರಡು ಹನಿ ರಕ್ತವನ್ನು ದಪ್ಪ ಕಾಗದದ ಮೇಲಿಳಿಸಿ, ತಾಯಿಯ ಒಪ್ಪಿಗೆಯ ಜೊತೆ ಅವರಿಗೆ ಕಳಿಸಬೇಕಿತ್ತು. ಒಂದು ದಿನ ಒಪ್ಪಿಗೆಯ ಅಚ್ಚಿನ ಫಾರ್ಮುಗಳು ಮುಗಿದುಹೋಗಿದ್ದವು. ಮಹಾ ಬುದ್ಧಿವಂತನಾದ ನಾನು ಕುರಿ ಸಾಕುವ ಮನೆಯ ಬಾಣಂತಿಯಿಂದ ಖಾಲಿ ಹಾಳೆಗೇ ಹೆಬ್ಬೆಟ್ಟು ಒತ್ತಿಸಿಕೊಂಡು ರಕ್ತ ತೆಗೆದೆ. ಅವತ್ತು ಕೂಸಿಗೆ ಐದನೆಯ ದಿನ. ಹಣೆಬರಹ ಬರೆಯುವ ಸಟವಿ ತಾಯಿಯ ಮುಂದೆ ಖಾಲಿ ಕಾಗದ, ಪೆನ್ನು ಇಡುವ ದಿನ. ಇದೂ ಪೂಜೆಯ ಕಾಗದವೇ ಎಂದುಕೊಂಡು ಆಕೆ ಖುಷಿಯಿಂದಲೇ ಒತ್ತಿದ್ದಳು.

ನರ್ಸಬಾಯಾರಿಗೆ ಇದು ತಿಳಿಯಿತು. “ತಮ್ಮಾ, ಖಾಲಿ ಕಾಗದದಾಗ ಬರಿಯಾಕ ಸಟವಿ ಒಬ್ಬಾಕಿಗೇ ಹಕ್ಕ ಐತಿ. ನೀ ಯಾವಾಗ ಸಟವಿ ಆದಿ?”

“ಎರಡ ಹನಿ ರಕ್ತರಿ, ಬಾಯಾರ,” ಎಂದೆ ಸಿಟ್ಟಿನಿಂದ.

“ಹನಿ ಯಾರವು?”

ಬಾಣಂತಿ ಉಂಡು, ಒಂದು ನಿದ್ದೆ ಮಾಡಿ ಏಳುವವರೆಗೆ ಕಾಯಿಸಿದರು. ಆಕೆಯ ಅತ್ತೆಯನ್ನು ಹೊರಗೆ ಕಳಿಸಿ, ನನ್ನನ್ನು ಕಾಟಿನ ಪಕ್ಕ ಕೂರಿಸಿ, “ಈಗ ಹೇಳ” ಎಂದರು. ಎಲ್ಲ ಹೇಳಿದೆ. ಬಾಣಂತಿ ಕೂಸಿನ ಹಿಮ್ಮಡಿ ಸವರುತ್ತ ಕೇಳಿದಳು: “ಕೂಸಿಗೆ ಏನರ ಬ್ಯಾನಿ ಸಿಕ್ಕರ ನನಗ ತಿಳಸ್ತೀರೇನ್ರಿ?”

“ಅದು ನನಗೂ ಗೊತ್ತಿಲ್ಲರಿ,” ಎಂದೆ.

“ಹಂಗಾರ ಬ್ಯಾಡ್ರಿ.”

ನರ್ಸಬಾಯಾರು ರಕ್ತದ ಕಾಗದ, ಹೆಬ್ಬೆಟ್ಟಿನ ಹಾಳೆ ಎರಡನ್ನೂ ಆಕೆಯ ಕೈಗೆ ಕೊಟ್ಟರು. ಆ ತಾಯಿಯ ಪ್ರಶ್ನೆಯನ್ನು ನಾನು ಶಹರಕ್ಕೆ ಬರೆದು ಕಳಿಸಿದೆ. ಉತ್ತರ ಬರಲೇ ಇಲ್ಲ. ಆಮೇಲೆ ನಾನೂ ಯಾವ ಕೂಸಿನ ರಕ್ತವನ್ನೂ ಕಳಿಸಲಿಲ್ಲ.

ಕೆಲವು ವರ್ಷಗಳಲ್ಲಿ ಬಾಯಾರೇ ಹಾಸಿಗೆ ಹಿಡಿದರು. ರಕ್ತ ತೆಗೆಯಲು ಹೋದವನು ಅವಸರದಲ್ಲಿ ತೋಳಿಗೆ ಪಟ್ಟಿ ಕಟ್ಟಿದೆ. ಕೈ ಹಿಂದಕ್ಕೆಳೆದುಕೊಂಡರು.

“ಕೇಳಲಿಲ್ಲಲ್ಲೋ, ತಮ್ಮಾ.”

ನಾಚಿಕೆಯಾಯಿತು. ಯಾವ ಪರೀಕ್ಷೆ, ಏತಕ್ಕೆ ಎಂದು ವಿವರಿಸಿದೆ. ನನಗಿಂತ ಚೆನ್ನಾಗಿ ಬಲ್ಲವರು, ಏನೂ ತಿಳಿಯದವರಂತೆ ಕೇಳಿಸಿಕೊಂಡರು.

“ಏನ ಬಂದ್ರೂ ನನಗ ಹೇಳ್ತಿ?”

“ಹೇಳ್ತೀನ್ರಿ.”

ಕೈ ಚಾಚಿದರು.

ವರದಿ ಕೆಟ್ಟದಾಗಿ ಬಂತು. ಅವರಿಗೆ ಹೇಳುವುದು ಬೇಡವೆಂದು ಮನೆಯವರು ಬೇಡಿಕೊಂಡರು. ಸೊಸೆ ತಂದ ಚಹಾದ ಗ್ಲಾಸನ್ನು ಬಹಳ ಹೊತ್ತು ಎರಡೂ ಕೈಯಲ್ಲಿ ಹಿಡಿದು ಕೂತೆ. ಆಮೇಲೆ ಬಾಯಾರ ಕೈ ಹಿಡಿದುಕೊಂಡು, ಹೇಳಿದೆ.